ಎರಡು ಸಲ ಬಡಿದರೆ

ವಾಸ್ಕೋದಲ್ಲಿ ರಾತ್ರಿ ಒಂದೂವರೆ. ಬಂದರಿನ ಕಚೇರಿ, ಮೂರನೇ ಮಹಡಿ.
ಏಸಿ ಕೆಟ್ಟಿದೆ. ಕಿಟಕಿ ತೆರೆದರೆ ಕಲ್ಲಿದ್ದಲ ಪುಡಿ, ಮುಚ್ಚಿದರೆ ಬೆವರು.
ತೆರೆದಿದ್ದೇನೆ.

ನನ್ನೆದುರು ಇರುವುದು ಮೊದಲನೆಯದು, ಹೇಳುವಂಥದ್ದು.
ಎರಡನೆಯದು ಎಲ್ಲೋ ಒಳಗೆ ಓಡುತ್ತಿದೆ,
ಪರದೆ ಇಲ್ಲ, ಕೀಲಿಮಣೆ ಇಲ್ಲ, ನಾನು ಯಾರೆಂದು ಅದಕ್ಕೆ ಗೊತ್ತಿಲ್ಲ.
ನಡುವೆ ಒಂದು ಕಿಂಡಿ. ಅದರಲ್ಲಿ ಅಂಕಿ ಮಾತ್ರ ತೂರುತ್ತದೆ.
ಹನ್ನೊಂದು ಅಂದರೆ ಏಳು, ಕಡತ ತೆರೆ.
ಹದಿನಾಲ್ಕು: ಮುಂದಿನ ಸಾಲು ನಡೆಸು.
ನಲವತ್ತು: ಇದ್ದಲ್ಲೇ ಇರು.
ಸೊನ್ನೆಯನ್ನು ಕೊನೆಗೆಂದು ಇಟ್ಟುಕೊಂಡಿದ್ದೇನೆ.
ಇಷ್ಟೂ ಒಂದು ಪಾವ್‌ಭಾಜಿ ಬಿಲ್ಲಿನ ಹಿಂಬದಿ,
ಮಾನಿಟರಿನ ಮೂಗಿಗೆ ಅಂಟಿದೆ.

ಅಪ್ಪ ಇದನ್ನು ಕೈಯಲ್ಲಿ ಮಾಡುತ್ತಿದ್ದ.
ಹಡಗಿನ ಹೊಟ್ಟೆಗೆ ಬಾಯಿ ಇರುವಲ್ಲಿ, ಅದರ ಅಂಚಿನಲ್ಲಿ ನಿಂತು,
ಇಪ್ಪತ್ತಾರು ವರ್ಷ.
ಕೆಳಗೆ ಕತ್ತಲಲ್ಲಿ ಗೊಬ್ಬರದ ಚೀಲ, ಜಾಳಿಗೆ, ನಾಲ್ಕು ಜನ.
ಮೇಲೆ ತಗಡಿನ ಪೆಟ್ಟಿಗೆಯಲ್ಲಿ ವಿಂಚಿನ ಇನಾಸ್.
ಇನಾಸನಿಗೆ ಚೀಲ ಕಾಣದು, ಚೀಲದವರಿಗೆ ಇನಾಸ್ ಕಾಣ,
ಇಬ್ಬರಿಗೂ ಯಮನಪ್ಪನ ಕೈ.
ತೋರುಬೆರಳು ಆಕಾಶಕ್ಕೆ ಸುತ್ತಿದರೆ ಎತ್ತು.
ಅಂಗೈ ನೆಲಕ್ಕೆ: ಇಳಿಸು, ಮೆಲ್ಲಗೆ,
ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ.
ಮುಷ್ಟಿ: ತಡಿ.

ಆ ಕೈ ಮನೆಗೂ ಬರುತ್ತಿತ್ತು, ಬಾಯಿಯನ್ನು ಬಂದರಿನಲ್ಲೇ ಬಿಟ್ಟು.
ಬೈನಾದ ಒಂದೇ ಖೋಲಿಯಲ್ಲಿ
ಒಂದು ಬೆರಳೆಂದರೆ ಚಾ, ಎರಡೆಂದರೆ ಬಿಸಿನೀರು,
ಅಂಗೈ ನೆಲಕ್ಕೆಂದರೆ ನಾವು ಮೂವರೂ ಗಪ್‌ಚಿಪ್.
ಅವ್ವ ಹದಿನೈದು ವರ್ಷ ಆ ಲಿಪಿ ಓದಿದಳು.
ಒಂದು ದಿನ ರೊಟ್ಟಿ ಬಡಿಯುತ್ತ, ಬೆನ್ನು ತಿರುಗಿಸಿ:
"ಬಾಯಿ ಸತ್ತೈತೇನು? ನಾ ಏನ್ ನಿಮ್ಮ ವಿಂಚ ಅದೀನೇನ್ರೀ?"
ಬೆರಳು ಗಾಳಿಯಲ್ಲೇ ನಿಂತಿತು.
ಅಪ್ಪ ಕೆಮ್ಮಿದ. ಮೊದಲ ಸಲ ಎಂಬಂತೆ
"ಸಂಗವ್ವಾ" ಅಂದ.
ಚಾ ಕೇಳುವುದನ್ನು ಮರೆತ.

ಒಂದೂ ಐವತ್ತು. ಹದಿನಾಲ್ಕು ಕಳಿಸಿದೆ. ಉತ್ತರ ಇಲ್ಲ.
ಇನ್ನೊಂದು ಹದಿನಾಲ್ಕು. ಇನ್ನೊಂದು.
ಕಿಂಡಿಯ ಆಚೆ ರೇಷನ್ ಅಂಗಡಿಯ ಸಾಲಿನಂತೆ
ನನ್ನ ಹದಿನಾಲ್ಕುಗಳು ಒಂದರ ಬೆನ್ನಿಗೊಂದು ನಿಂತಿವೆ.
"ಮಾರ್ ತಾಕಾ," ಅನ್ನುತ್ತಾನೆ ಆಗ್ನೆಲ್, ಮೊಬೈಲಿನಿಂದ ತಲೆ ಎತ್ತದೆ,
"ಸಾಯಿಸು, ಹೊಸದು ಎಬ್ಬಿಸು."
ಸೊನ್ನೆಯ ಮೇಲೆ ಬೆರಳಿಟ್ಟೆ. ತೆಗೆದೆ.
ಅದು ಗೊಣಗಿದ್ದೆಲ್ಲ ಎಲ್ಲೋ ಬಿದ್ದಿರಬೇಕಲ್ಲ ಎಂದು ಕೆದಕಿದೆ, ಸಿಕ್ಕಿತು:
"ಈ ಹೆಸರಿನ ಕಡತ ಆಗಲೇ ಇದೆ. ಅಳಿಸಿ ಬರೆಯಲೇ?"

ಇಪ್ಪತ್ತು ನಿಮಿಷದಿಂದ ಕೇಳುತ್ತ ಕೂತಿದೆ,
ಇಲ್ಲದ ಪರದೆಯ ಮೇಲೆ, ಇಲ್ಲದ ಯಾರನ್ನೋ.
ನಾನು ಅದಕ್ಕೆ ಕೇಳಲು ಕಲಿಸಿದ್ದೆ.
ಅದು ಕೇಳಿದರೆ ನನಗೆ ಮುಟ್ಟುವ ದಾರಿ ಇಟ್ಟಿರಲಿಲ್ಲ.

ಇನಾಸನ ಹತ್ತಿರ ಒಂದು ಪಾನಾ ಇತ್ತು.
ಬಿಸಿಲು ಕಣ್ಣಿಗೆ ಹೊಡೆದು ಕೈ ತಿಳಿಯದೆ ಹೋದರೆ
ಕಬ್ಬಿಣದ ಮೇಲೆ ಎರಡು ಸಲ ಬಡಿಯುತ್ತಿದ್ದ, ಠಣ್ ಠಣ್.
ಅಪ್ಪ ಕೈ ಇಳಿಸಿ, ಒಂದು ಹೆಜ್ಜೆ ನೆರಳಿಗೆ ಸರಿದು,
ಮತ್ತೆ ಮೊದಲಿನಿಂದ.
"ಎತ್ತು ಅನ್ನೂದು ಯಾರಿಗರ ಬರ್ತೈತಿ," ಅನ್ನುತ್ತಿದ್ದ,
ನಿವೃತ್ತಿಯಾದ ಮೇಲೆ, ಮಾತು ಕಲಿತ ಮೇಲೆ,
"ಆ ಠಣ್ ಠಣ್‌ದಿಂದ ನಮ್ಮ ಹ್ಯಾಚಿನಾಗ ಒಬ್ರೂ ಸಾಯಲಿಲ್ಲ."

ಇಪ್ಪತ್ತೆರಡು ಎಂದು ಇಟ್ಟೆ. ಆಚೆಯಿಂದ ಈಚೆಗೆ ಬರುವ ಒಂದೇ ಅಂಕಿ.
ಬಿಲ್ಲಿನಲ್ಲಿ ಜಾಗವಿಲ್ಲ, ಅಂಗೈ ಮೇಲೆ ಬರೆದುಕೊಂಡೆ.
ಓಡಿಸಿದೆ. ಕಾದೆ.
ಬೆವರಿಗೆ ಶಾಯಿ ಹರಡುತ್ತಿತ್ತು.
ಬಂತು.

"ಏನಂತೆ?" ಅಂದ ಆಗ್ನೆಲ್.
"ತಿಳೀಲಿಲ್ವಂತೆ."
"ಅದಕ್ಕೆ ಇಷ್ಟು ನಗುವಾ?"

ಅಳಿಸಿ ಬರೆಯಲೇ ಎಂದು ಇನ್ನೂ ಕೇಳುತ್ತಿದೆ.
ಬೇಡ ಎನ್ನುವುದಕ್ಕೆ ನಾನಿನ್ನೂ
ಅಂಕಿ ಇಟ್ಟಿಲ್ಲ.